ಹವಾಮಾನ ಮಾದರಿಗಳ ಮೂಲಕ ಸಾಗರದ ಏರಿಳಿತಗಳ ಅಧ್ಯಯನ: ಹಿಂದೂ ಮಹಾಸಾಗರದ ಡೈಪೋಲ್ ಹಿಡಿದು ಒಂದು ಸಮಗ್ರ ಮಾರ್ಗದರ್ಶಿ

ಸಮುದ್ರದ ತಾಪಮಾನ ವರ್ಷದಿಂದ ವರ್ಷಕ್ಕೆ ಏಕೆ ಏರಿಳಿಯುತ್ತದೆ, ಆ ಏರಿಳಿತ ದೂರದ ನೆಲದ ಮಳೆಯನ್ನು ಹೇಗೆ ಬದಲಿಸುತ್ತದೆ ಎಂಬ ಪ್ರಶ್ನೆಗಳಿಗೆ ಅಳತೆಗಳಿಂದಷ್ಟೇ ಉತ್ತರ ಸಿಗುವುದಿಲ್ಲ. ಉಪಗ್ರಹಗಳು ಸಮುದ್ರ ಮೇಲ್ಮೈಯ ತಾಪಮಾನವನ್ನು ನಿರಂತರವಾಗಿ ದಾಖಲಿಸತೊಡಗಿದ್ದು 1980ರ ದಶಕದ ಆರಂಭದಲ್ಲಿ. ನೀರಿನೊಳಗಿನ ಸ್ಥಿತಿಯನ್ನು ತಿಳಿಸುವ ಆರ್ಗೊ ತೇಲುಯಂತ್ರಗಳು ಬಂದದ್ದು 2000ದ ಆಸುಪಾಸಿನಲ್ಲಿ. ಈ ಅವಧಿಯಲ್ಲಿ ಹಿಂದೂ ಮಹಾಸಾಗರದಲ್ಲಿ ಕಂಡ ಪ್ರಬಲ ಧನಾತ್ಮಕ ಡೈಪೋಲ್ ಘಟನೆಗಳನ್ನು (ಸಾಗರದ ಪಶ್ಚಿಮ ಬೆಚ್ಚಗಾಗಿ ಪೂರ್ವ ತಣ್ಣಗಾಗುವ ಏರಿಳಿತ; ವಿವರ ಮುಂದಿದೆ) ಬೆರಳೆಣಿಕೆಯಲ್ಲಿ ಹೇಳಿ ಮುಗಿಸಬಹುದು: 1994, 1997, 2006, 2019. ಇಷ್ಟು ಕಡಿಮೆ ಉದಾಹರಣೆಗಳಿಂದ ಕಾರಣ–ಪರಿಣಾಮದ ಬಗ್ಗೆ ದೃಢವಾಗಿ ಮಾತನಾಡುವುದು ಕಷ್ಟ. ಹವಾಮಾನ ಮಾದರಿಗಳು, ಅಂದರೆ ಹವಾಮಾನವನ್ನು ಗಣಕದಲ್ಲಿ ಅನುಕರಿಸುವ ಕ್ರಮಗಳು, ಅಗತ್ಯವಾಗುವುದು ಈ ಕಾರಣಕ್ಕಾಗಿ. ಅವುಗಳಲ್ಲಿ ನೂರಾರು ವರ್ಷಗಳ ಸಾಗರವನ್ನು ಗಮನಿಸಬಹುದು, ಒಂದು ಅಂಶವನ್ನು ಬದಲಿಸಿ ಉಳಿದುದನ್ನು ಹಾಗೆಯೇ ಇಟ್ಟು ಏನಾಗುತ್ತದೆಂದು ಪರೀಕ್ಷಿಸಬಹುದು.

ಈ ಮಾರ್ಗದರ್ಶಿಯನ್ನು ಭೌತವಿಜ್ಞಾನ, ಭೂಗೋಳ ಅಥವಾ ಕೃಷಿವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದೆ. ಸಾಧಾರಣ ಲ್ಯಾಪ್‌ಟಾಪ್, ಇಂಟರ್‌ನೆಟ್ ಸಂಪರ್ಕ ಮತ್ತು ಪೈಥಾನ್ ಭಾಷೆಯ ಪ್ರಾಥಮಿಕ ಪರಿಚಯ ಇದ್ದರೆ ಹನ್ನೊಂದನೆಯ ಹೆಜ್ಜೆಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಮನೆಯಲ್ಲೇ ಮಾಡಬಹುದು.

ಮೊದಲ ಹೆಜ್ಜೆ: ಪ್ರಶ್ನೆಯನ್ನು ಅಳೆಯಬಹುದಾದ ರೂಪಕ್ಕೆ ತನ್ನಿ

"ಸಾಗರವು ಮುಂಗಾರಿನ ಮೇಲೆ ಪರಿಣಾಮ ಬೀರುತ್ತದೆಯೇ" ಎಂಬುದು ಅಧ್ಯಯನಕ್ಕೆ ಒಗ್ಗುವ ಪ್ರಶ್ನೆಯಲ್ಲ. ಯಾವ ಸಾಗರದ ಯಾವ ಭಾಗ, ಯಾವ ತಿಂಗಳು, ಯಾವ ಪ್ರದೇಶದ ಮಳೆ, ಎಷ್ಟು ವರ್ಷಗಳ ಅಂತರದ ಏರಿಳಿತ ಎಂಬ ನಾಲ್ಕು ಸಂಗತಿಗಳೂ ನಿಶ್ಚಿತವಾಗಿರಬೇಕು. ನಾವು ಇಲ್ಲಿ ಹಿಂದೂ ಮಹಾಸಾಗರದ ಡೈಪೋಲ್ ಅನ್ನು ಆರಿಸಿಕೊಳ್ಳೋಣ. ಸಮಭಾಜಕದ ಬಳಿ ಸಾಗರದ ಪಶ್ಚಿಮ ಭಾಗ ವಾಡಿಕೆಗಿಂತ ಬೆಚ್ಚಗಾಗಿ, ಸುಮಾತ್ರಾ–ಜಾವಾ ತೀರದ ಪೂರ್ವ ಭಾಗ ತಣ್ಣಗಾದಾಗ ಅದನ್ನು ಧನಾತ್ಮಕ ಡೈಪೋಲ್ ಎನ್ನುತ್ತಾರೆ, ತಿರುಗುಮುರುಗಾದರೆ ಋಣಾತ್ಮಕ. ಇದನ್ನು ಸಾಗರ ಮತ್ತು ವಾಯುಮಂಡಲಗಳು ಒಟ್ಟಾಗಿ ಉಂಟುಮಾಡುವ ಒಂದು ಪ್ರತ್ಯೇಕ ವಿದ್ಯಮಾನವೆಂದು ಗುರುತಿಸಿ ಹೆಸರಿಟ್ಟ ಪ್ರಬಂಧ 1999ರಲ್ಲಿ ಪ್ರಕಟವಾಯಿತು. ಅದರ ಲೇಖಕರಾದ ಸಾಜಿ, ಗೋಸ್ವಾಮಿ, ವಿನಯಚಂದ್ರನ್ ಮತ್ತು ಯಮಗಾಟ ಇವರಲ್ಲಿ ಗೋಸ್ವಾಮಿ ಹಾಗೂ ವಿನಯಚಂದ್ರನ್ ಅವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಂಟಿದೆ. ಹೀಗಾಗಿ ಕನ್ನಡದ ವಿದ್ಯಾರ್ಥಿಗೆ ಇದು ಎರಡು ಕಾರಣಕ್ಕೆ ಹತ್ತಿರದ ವಿಷಯ: ನಮ್ಮ ಮುಂಗಾರು, ಹಿಂಗಾರುಗಳೆರಡರ ಮೇಲೂ ಇದರ ಪ್ರಭಾವದ ಚರ್ಚೆ ನಡೆದಿದೆ, ಜೊತೆಗೆ ಇದರ ಅಧ್ಯಯನದ ಒಂದು ಪಾಲು ನಡೆದದ್ದು ನಮ್ಮ ನೆಲದಲ್ಲೇ.

ಆಗ ಪ್ರಶ್ನೆಯನ್ನು ಹೀಗೆ ಬರೆಯಬಹುದು: ಮಾದರಿಗಳಲ್ಲಿ ಡೈಪೋಲ್ ಸರಿಯಾದ ತೀವ್ರತೆಯಲ್ಲಿ, ಸರಿಯಾದ ತಿಂಗಳಲ್ಲಿ, ಸರಿಯಾದ ಕಾರಣಕ್ಕಾಗಿ ಉಂಟಾಗುತ್ತದೆಯೇ? ಹಾಗಿದ್ದರೆ ಎಲ್ ನಿನೋ (ಸಮಭಾಜಕದ ಬಳಿಯ ಪೆಸಿಫಿಕ್ ಸಾಗರ ವಾಡಿಕೆಗಿಂತ ಬೆಚ್ಚಗಾಗುವ ವಿದ್ಯಮಾನ) ಪ್ರಭಾವವನ್ನು ಕಳೆದ ಬಳಿಕವೂ ಭಾರತದ ಮಳೆಗೂ ಅದಕ್ಕೂ ಸಂಬಂಧ ಉಳಿಯುತ್ತದೆಯೇ?

ಎರಡನೆಯ ಹೆಜ್ಜೆ: ಮಾದರಿಯ 1997 ನಮ್ಮ 1997 ಅಲ್ಲ

ಇಡೀ ವಿಷಯದಲ್ಲಿ ಒಂದೇ ಮಾತನ್ನು ನೆನಪಿಡಬೇಕೆಂದರೆ ಇದನ್ನು ನೆನಪಿಡಿ. ಹವಾಮಾನ ಮಾದರಿಯು ವಾಯುಮಂಡಲ, ಸಾಗರ, ಹಿಮ ಮತ್ತು ನೆಲವನ್ನು ಗ್ರಿಡ್‌ನ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದಲ್ಲೂ ಚಲನೆ, ಉಷ್ಣ ಮತ್ತು ತೇವಾಂಶದ ಸಮೀಕರಣಗಳನ್ನು ಕಾಲದಲ್ಲಿ ಮುಂದಕ್ಕೆ ಬಿಡಿಸುತ್ತ ಹೋಗುವ ಗಣಕಕ್ರಮ. 1969ರಲ್ಲಿ ಮನಾಬೆ ಮತ್ತು ಬ್ರಯಾನ್ ಸಾಗರ ಹಾಗೂ ವಾಯುಮಂಡಲಗಳನ್ನು ಮೊದಲ ಬಾರಿಗೆ ಒಂದೇ ಮಾದರಿಯಲ್ಲಿ ಜೋಡಿಸಿದಾಗಿನಿಂದ ಈ ಮೂಲ ಕ್ರಮ ಬದಲಾಗಿಲ್ಲ. ಮಾದರಿಯನ್ನು ಒಮ್ಮೆ ಓಡಿಸುವುದಕ್ಕೆ ರನ್ ಎನ್ನುತ್ತಾರೆ. 1850ರಿಂದ 2014ರವರೆಗಿನ ಚಾರಿತ್ರಿಕ ರನ್‌ಗೆ ಹೊರಗಿನಿಂದ ಕೊಡುವುದು ಹಸಿರುಮನೆ ಅನಿಲಗಳು, ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳಾದ ಏರೋಸಾಲ್‌ಗಳು, ಜ್ವಾಲಾಮುಖಿಗಳು, ಸೂರ್ಯನ ಶಕ್ತಿ ಮತ್ತು ಭೂಬಳಕೆ ಮಾತ್ರ. ಎಲ್ ನಿನೋ, ಡೈಪೋಲ್‌ಗಳನ್ನು ಯಾರೂ ಒಳಗೆ ಹಾಕುವುದಿಲ್ಲ. ಅವು ಮಾದರಿಯೊಳಗೆ ತಾವಾಗಿಯೇ, ತಮ್ಮದೇ ಕಾಲಕ್ಕೆ ಹುಟ್ಟುತ್ತವೆ. ಆದ್ದರಿಂದ ನಿಜವಾದ 1997ರಲ್ಲಿ ಪ್ರಬಲ ಡೈಪೋಲ್ ಇದ್ದರೂ ಮಾದರಿಯ 1997 ತೀರಾ ಸಾಮಾನ್ಯ ವರ್ಷವಾಗಿರಬಹುದು. ಹಾಗಾದುದು ದೋಷವಲ್ಲ.

ಇದರ ಪರಿಣಾಮ ನೇರವಾಗಿದೆ. ಚಾರಿತ್ರಿಕ ರನ್ನಿನ ವರ್ಷವಾರು ಸರಣಿಯನ್ನು ಅಳತೆಯ ವರ್ಷವಾರು ಸರಣಿಯ ಪಕ್ಕದಲ್ಲಿಟ್ಟು ಸಹಸಂಬಂಧವನ್ನು (ಎರಡೂ ಎಷ್ಟು ಒಟ್ಟಾಗಿ ಏರಿಳಿಯುತ್ತವೆ ಎಂಬುದನ್ನು −1ರಿಂದ 1ರ ನಡುವೆ ಹೇಳುವ ಸಂಖ್ಯೆ) ಲೆಕ್ಕ ಹಾಕಿ, ಅದು ಸೊನ್ನೆಗೆ ಹತ್ತಿರ ಬಂದಿತೆಂದು ಮಾದರಿಯನ್ನು ತಿರಸ್ಕರಿಸುವುದು ತಪ್ಪು ವಿಧಾನ. ಹೋಲಿಸಬೇಕಾದದ್ದು ಸರಾಸರಿ, ಏರಿಳಿತದ ಪ್ರಮಾಣ, ಋತುಮಾನ, ಘಟನೆಗಳ ನಡುವಿನ ಅಂತರ, ಎರಡು ಅಂಶಗಳ ನಡುವಿನ ಸಂಬಂಧ ಇಂತಹ ಗುಣಗಳನ್ನು. ಪ್ರಕೃತಿ ನಮಗೆ ಕೊಟ್ಟಿರುವುದು ಸಾಧ್ಯವಿದ್ದ ಅನೇಕ ಇತಿಹಾಸಗಳಲ್ಲಿ ಒಂದನ್ನು; ಮಾದರಿಯ ಪ್ರತಿ ರನ್ ಅಂತಹ ಇನ್ನೊಂದು ಇತಿಹಾಸ. ಆರಂಭದ ಅಳತೆಗಳನ್ನು ತುಂಬಿ ಓಡಿಸುವ ಋತು ಮುನ್ಸೂಚನೆಯ ಮಾದರಿಗಳ ವಿಚಾರ ಬೇರೆ. ಅವುಗಳನ್ನು ವರ್ಷವಾರು ಹೋಲಿಸಲೇಬೇಕು.

ಮೂರನೆಯ ಹೆಜ್ಜೆ: ಪ್ರಶ್ನೆಗೆ ತಕ್ಕ ಪ್ರಯೋಗವನ್ನು ಆರಿಸಿ

ಜಗತ್ತಿನ ಹತ್ತಾರು ಸಂಸ್ಥೆಗಳು ತಮ್ಮ ಮಾದರಿಗಳನ್ನು ಒಂದೇ ನಿಯಮದಡಿ ಓಡಿಸಿ ದತ್ತಾಂಶವನ್ನು ಎಲ್ಲರಿಗೂ ತೆರೆದಿಡುವ ಯೋಜನೆಗೆ ಸಿ.ಎಂ.ಐ.ಪಿ. ಎಂದು ಹೆಸರು, ಅದರ ಆರನೆಯ ಹಂತದ ದತ್ತಾಂಶ ಇಂದು ಹೆಚ್ಚು ಬಳಕೆಯಲ್ಲಿದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯು ರೂಪಿಸಿದ ಐ.ಐ.ಟಿ.ಎಂ. ಭೂವ್ಯವಸ್ಥಾ ಮಾದರಿ ಈ ಹಂತದಲ್ಲಿ ಸೇರಿತು, ಭಾರತದಿಂದ ಸೇರಿದ ಮೊದಲ ಮಾದರಿ ಅದು.

ಸಾಗರದ ಸಹಜ ಏರಿಳಿತವನ್ನಷ್ಟೇ ತಿಳಿಯಬೇಕಿದ್ದರೆ ಕೈಗಾರಿಕಾಪೂರ್ವ ನಿಯಂತ್ರಣ ರನ್ನನ್ನು ಆರಿಸಿ. ಇದರಲ್ಲಿ ಹೊರಗಿನ ಪ್ರಭಾವಗಳೆಲ್ಲ 1850ರ ಮಟ್ಟದಲ್ಲಿ ಸ್ಥಿರವಾಗಿರುತ್ತವೆ, ಅವಧಿ ಸಾಮಾನ್ಯವಾಗಿ 500 ವರ್ಷ ಅಥವಾ ಹೆಚ್ಚು. ಇದರಲ್ಲಿ ಕಾಣುವ ಯಾವ ಏರಿಳಿತಕ್ಕೂ ಮನುಷ್ಯನಾಗಲಿ ಜ್ವಾಲಾಮುಖಿಯಾಗಲಿ ಕಾರಣವಲ್ಲ ಎಂಬ ಖಾತ್ರಿಯೇ ಇದರ ಬೆಲೆ. ಅಳತೆಯೊಂದಿಗೆ ಹೋಲಿಸಲು ಚಾರಿತ್ರಿಕ ರನ್ ಬೇಕು. ಭವಿಷ್ಯಕ್ಕೆ, ಸಮಾಜ ಮತ್ತು ಹೊರಸೂಸುವಿಕೆ ಹೇಗೆ ಸಾಗಬಹುದೆಂಬ ಊಹೆಗಳ ಮೇಲೆ ಕಟ್ಟಿದ ಎಸ್.ಎಸ್.ಪಿ. ಸನ್ನಿವೇಶಗಳಿವೆ. ಹಸಿರುಮನೆ ಅನಿಲ ಮಾತ್ರ, ಏರೋಸಾಲ್ ಮಾತ್ರ ಎಂಬಂತೆ ಒಂದೊಂದನ್ನೇ ಬದಲಿಸಿದ ರನ್‌ಗಳೂ ಸಿಗುತ್ತವೆ.

ಸಮುದ್ರದ ತಾಪಮಾನವನ್ನು ಅಳತೆಯಿಂದ ಕೊಟ್ಟು ವಾಯುಮಂಡಲವನ್ನಷ್ಟೇ ಓಡಿಸುವ ಇನ್ನೊಂದು ಬಗೆಯ ರನ್ ಇದೆ. ಇದರಲ್ಲಿ ವರ್ಷಗಳು ನಿಜವಾದ ವರ್ಷಗಳಿಗೆ ಹೊಂದುತ್ತವಾದ್ದರಿಂದ ಹೊಸಬರಿಗೆ ಇದು ಆಕರ್ಷಕವಾಗಿ ಕಾಣುತ್ತದೆ. ಆದರೆ ಮುಂಗಾರಿನ ಅಧ್ಯಯನದಲ್ಲಿ ಇದನ್ನು ಎಚ್ಚರದಿಂದ ಬಳಸಬೇಕು. ಮುಂಗಾರಿನ ವಲಯದಲ್ಲಿ ಅನೇಕ ಸಲ ವಾಯುಮಂಡಲವೇ ಸಾಗರವನ್ನು ಬದಲಿಸುತ್ತದೆ: ಮೋಡ ಕವಿದು ಬಿಸಿಲು ಕಡಿಮೆಯಾಗುತ್ತದೆ, ಗಾಳಿ ಜೋರಾಗಿ ಆವಿಯಾಗುವಿಕೆ ಹೆಚ್ಚುತ್ತದೆ, ನೀರು ತಣಿಯುತ್ತದೆ. ಸಾಗರದ ತಾಪಮಾನವನ್ನು ಹೊರಗಿನಿಂದ ನಿಗದಿಪಡಿಸಿಬಿಟ್ಟರೆ ಈ ದಾರಿ ಮುಚ್ಚಿಹೋಗಿ, ನೀರು ಬೆಚ್ಚಗಿದ್ದಲ್ಲೆಲ್ಲ ಮಳೆ ಹೆಚ್ಚು ಎಂಬ ಏಕಮುಖ ಸಂಬಂಧ ಹುಸಿಯಾಗಿ ಮೂಡುತ್ತದೆ.

ನಾಲ್ಕನೆಯ ಹೆಜ್ಜೆ: ದತ್ತಾಂಶವನ್ನು ಇಳಿಸಿಕೊಂಡು ಪರಿಶೀಲಿಸಿ

ಸಿ.ಎಂ.ಐ.ಪಿ. ದತ್ತಾಂಶವನ್ನು ಹಂಚುವ ಇ.ಎಸ್.ಜಿ.ಎಫ್. ಎಂಬ ಉಚಿತ ಜಾಲತಾಣಗಳಿಂದಲೋ, ಕ್ಲೌಡ್‌ನಲ್ಲಿರುವ ಪ್ರತಿಗಳಿಂದಲೋ ಕಡತಗಳನ್ನು ಪಡೆಯಬಹುದು. ಕಡತದ ಹೆಸರಿನಲ್ಲೇ ಅಂಶ, ಕಾಲಾಂತರ, ಮಾದರಿ, ಪ್ರಯೋಗ, ರನ್ನಿನ ಗುರುತು ಮತ್ತು ಗ್ರಿಡ್‌ನ ಬಗೆ ಇರುತ್ತವೆ. ರನ್ನಿನ ಗುರುತಿನಲ್ಲಿ ಆರ್, ಐ, ಪಿ, ಎಫ್ ಎಂಬ ನಾಲ್ಕು ಅಕ್ಷರಗಳ ಮುಂದೆ ಒಂದೊಂದು ಸಂಖ್ಯೆ ಇರುತ್ತದೆ. ಆರ್ ಸಂಖ್ಯೆ ಮಾತ್ರ ಬೇರೆಯಾಗಿದ್ದರೆ ಆ ರನ್‌ಗಳು ಒಂದೇ ಮಾದರಿಯನ್ನು ಬೇರೆ ಬೇರೆ ಆರಂಭಸ್ಥಿತಿಯಿಂದ ಓಡಿಸಿದವು; ಅವನ್ನು ಒಟ್ಟುಗೂಡಿಸಬಹುದು. ಪಿ ಅಥವಾ ಎಫ್ ಬೇರೆಯಾಗಿದ್ದರೆ ಭೌತಿಕ ಕ್ರಮವೋ ಹೊರಪ್ರಭಾವವೋ ಬದಲಾಗಿದೆ ಎಂದರ್ಥ. ಅವನ್ನು ಕಣ್ಣುಮುಚ್ಚಿ ಬೆರೆಸಬಾರದು.

ಗಾತ್ರದ ಅಂದಾಜು ಮೊದಲೇ ಇರಲಿ. ಒಂದು ಡಿಗ್ರಿ ಗ್ರಿಡ್‌ನಲ್ಲಿ 360 × 180, ಅಂದರೆ 64,800 ಚೌಕಗಳು. ಪ್ರತಿ ಸಂಖ್ಯೆಗೆ 4 ಬೈಟ್ ಎಂದರೆ 165 ವರ್ಷಗಳ ಮಾಸಿಕ ಮೇಲ್ಮೈ ತಾಪಮಾನಕ್ಕೆ ಸುಮಾರು 510 ಎಂ.ಬಿ. ಬೇಕು. ಅದೇ ತಾಪಮಾನವನ್ನು 50 ಆಳಗಳಲ್ಲಿ ಬಯಸಿದರೆ 25 ಜಿ.ಬಿ. ದಾಟುತ್ತದೆ. ಆದ್ದರಿಂದ ಸಾಗರದೊಳಗಿನ ದತ್ತಾಂಶವನ್ನು ಬೇಕಾದ ಪ್ರದೇಶಕ್ಕೂ ಆಳಕ್ಕೂ ಕತ್ತರಿಸಿಕೊಂಡೇ ಇಳಿಸಿಕೊಳ್ಳುವುದು ಜಾಣತನ. ಕತ್ತರಿಸಲು, ಸರಾಸರಿ ತೆಗೆಯಲು, ಗ್ರಿಡ್ ಬದಲಿಸಲು ಹ್ಯಾಂಬರ್ಗ್‌ನ ಮ್ಯಾಕ್ಸ್ ಪ್ಲಾಂಕ್ ಹವಾಮಾನ ಸಂಸ್ಥೆಯ ಸಿ.ಡಿ.ಒ. ಉಪಕರಣ ಅತ್ಯುತ್ತಮ, ಮುಂದಿನ ವಿಶ್ಲೇಷಣೆಗೆ ಪೈಥಾನ್‌ನ ಎಕ್ಸ್‌ಅರೇ ಸಾಕು.

ಯಾವ ಲೆಕ್ಕಕ್ಕೂ ಮುನ್ನ ಮೂರು ಸಂಗತಿಗಳನ್ನು ನೋಡಿ. ಏಕಮಾನ: ಮಳೆಯು ಪ್ರತಿ ಚದರ ಮೀಟರಿಗೆ ಸೆಕೆಂಡಿಗೆ ಇಷ್ಟು ಕಿಲೋಗ್ರಾಂ ಎಂದಿರುತ್ತದೆ, ಅದನ್ನು 86,400ರಿಂದ ಗುಣಿಸಿದರೆ ದಿನಕ್ಕೆ ಇಷ್ಟು ಮಿಲಿಮೀಟರ್ ಎಂದಾಗುತ್ತದೆ. ಪಂಚಾಂಗ: ಬ್ರಿಟನ್ನಿನ ಹ್ಯಾಡ್‌ಜೆಮ್ ಮಾದರಿಯ ವರ್ಷಕ್ಕೆ 360 ದಿನ, ಅಮೆರಿಕದ ಸೆಸಮ್ ಮಾದರಿಯಲ್ಲಿ ಅಧಿಕ ವರ್ಷವೇ ಇಲ್ಲ. ಗ್ರಿಡ್: ಸಾಗರ ಮಾದರಿಗಳ ಸ್ವಂತ ಗ್ರಿಡ್ ಉತ್ತರ ಧ್ರುವದ ಬಳಿ ಬಾಗಿರುತ್ತದೆ, ಸಾಲು–ಕಾಲಮ್‌ಗಳು ಅಕ್ಷಾಂಶ–ರೇಖಾಂಶಗಳಾಗಿರಬೇಕೆಂದಿಲ್ಲ. ಮೊದಲು ಒಂದು ತಿಂಗಳ ನಕ್ಷೆ ಬಿಡಿಸಿ ಕಣ್ಣಾರೆ ನೋಡಿ. ಭಾರತ ತನ್ನ ಜಾಗದಲ್ಲಿದೆಯೇ, ನೆಲದ ಮೇಲೆ ಸಂಖ್ಯೆಗಳು ಖಾಲಿಯಾಗಿವೆಯೇ ಎಂಬ ಇಷ್ಟೇ ಪರೀಕ್ಷೆ ಬಹಳ ಶ್ರಮ ಉಳಿಸುತ್ತದೆ.

ಐದನೆಯ ಹೆಜ್ಜೆ: ಸೂಚ್ಯಂಕವನ್ನು ಲೆಕ್ಕ ಹಾಕಿ

ಡೈಪೋಲ್ ಸೂಚ್ಯಂಕಕ್ಕೆ ಎರಡು ಪೆಟ್ಟಿಗೆಗಳು ಬೇಕು. ಪಶ್ಚಿಮದ್ದು 50ರಿಂದ 70 ಡಿಗ್ರಿ ಪೂರ್ವ ರೇಖಾಂಶ, 10 ಡಿಗ್ರಿ ದಕ್ಷಿಣದಿಂದ 10 ಡಿಗ್ರಿ ಉತ್ತರ ಅಕ್ಷಾಂಶ. ಪೂರ್ವದ್ದು 90ರಿಂದ 110 ಡಿಗ್ರಿ ಪೂರ್ವ, 10 ಡಿಗ್ರಿ ದಕ್ಷಿಣದಿಂದ ಸಮಭಾಜಕದವರೆಗೆ. ಪ್ರತಿ ಪೆಟ್ಟಿಗೆಯ ಮೇಲ್ಮೈ ತಾಪಮಾನದ ಸರಾಸರಿಯನ್ನು ಚೌಕಗಳ ವಿಸ್ತೀರ್ಣದ ತೂಕ ಕೊಟ್ಟು ತೆಗೆಯಬೇಕು. ಸಮಾನ ಅಂತರದ ಗ್ರಿಡ್‌ನಲ್ಲಿ ಅಕ್ಷಾಂಶದ ಕೊಸೈನ್ ಈ ತೂಕವಾಗುತ್ತದೆ. 10 ಡಿಗ್ರಿಯಲ್ಲಿ ಅದು 0.985 ಆದ್ದರಿಂದ ಇಲ್ಲಿ ವ್ಯತ್ಯಾಸ ನಗಣ್ಯ. ಆದರೆ 60 ಡಿಗ್ರಿಯಲ್ಲಿ ಅರ್ಧಕ್ಕಿಳಿಯುತ್ತದೆ, ಅಟ್ಲಾಂಟಿಕ್‌ನ ಅಧ್ಯಯನದಲ್ಲಿ ಮರೆತರೆ ಉತ್ತರವೇ ತಪ್ಪಾಗುತ್ತದೆ.

ನಂತರ ಪ್ರತಿ ಕ್ಯಾಲೆಂಡರ್ ತಿಂಗಳ ದೀರ್ಘಾವಧಿ ಸರಾಸರಿಯನ್ನು ಆಯಾ ತಿಂಗಳಿಂದ ಕಳೆಯಿರಿ. ಎಲ್ಲ ಜನವರಿಗಳಿಂದ ಜನವರಿಯ ಸರಾಸರಿ, ಎಲ್ಲ ಫೆಬ್ರವರಿಗಳಿಂದ ಫೆಬ್ರವರಿಯ ಸರಾಸರಿ, ಹೀಗೆ. ಉಳಿಯುವುದು ವಾಡಿಕೆಯಿಂದ ಆದ ವಿಚಲನೆ. ಮಾದರಿಯ ವಿಚಲನೆಯನ್ನು ಮಾದರಿಯದೇ ಸರಾಸರಿಯಿಂದ ಲೆಕ್ಕ ಹಾಕಬೇಕು, ಅಳತೆಯ ಸರಾಸರಿಯಿಂದಲ್ಲ. ನಿಯಂತ್ರಣ ರನ್‌ಗಳಲ್ಲಿ ಆಳದ ಸಾಗರ ಇನ್ನೂ ಸಮತೋಲನಕ್ಕೆ ಬಾರದ ಕಾರಣ ನಿಧಾನವಾದ ಜಾರಿಕೆ ಇರುವುದುಂಟು. ಅದನ್ನು ಸರಳರೇಖೆಯಾಗಿ ಕಳೆದುಬಿಡಿ. ಕೊನೆಗೆ ಪಶ್ಚಿಮದ ವಿಚಲನೆಯಿಂದ ಪೂರ್ವದ ವಿಚಲನೆಯನ್ನು ಕಳೆದರೆ ಸೂಚ್ಯಂಕ ಸಿದ್ಧ.

ಇಲ್ಲಿಗೇ ನಿಲ್ಲಿಸಬೇಡಿ. ವ್ಯತ್ಯಾಸ ಎಂಬುದು ಎರಡು ಪೆಟ್ಟಿಗೆಗಳಿಗೆ ಪರಸ್ಪರ ಸಂಬಂಧವಿಲ್ಲದಿದ್ದರೂ ಸಿಗುವ ಸಂಖ್ಯೆ. ಮಾದರಿಯೊಂದರಲ್ಲಿ ಪೂರ್ವ ಪೆಟ್ಟಿಗೆ ಮಾತ್ರ ಹುಚ್ಚೆದ್ದು ಕುಣಿದು, ಪಶ್ಚಿಮ ಸುಮ್ಮನಿದ್ದರೂ ಸೂಚ್ಯಂಕ ಭರ್ಜರಿಯಾಗಿ ಕಾಣುತ್ತದೆ. ಆದ್ದರಿಂದ ಎರಡೂ ಪೆಟ್ಟಿಗೆಗಳ ಸರಣಿಗಳನ್ನು ಪ್ರತ್ಯೇಕವಾಗಿ ಉಳಿಸಿಕೊಳ್ಳಿ.

ಆರನೆಯ ಹೆಜ್ಜೆ: ಅಳತೆಯೊಂದಿಗೆ ಹೋಲಿಸಿ

ಮೇಲ್ಮೈ ತಾಪಮಾನಕ್ಕೆ ಕನಿಷ್ಠ ಎರಡು ಸಂಗ್ರಹಗಳನ್ನು ಬಳಸಿ. ಬ್ರಿಟನ್ನಿನ ಹ್ಯಾಡ್‌ಐ.ಎಸ್.ಎಸ್.ಟಿ. 1870ರಿಂದ, ಅಮೆರಿಕದ ಇ.ಆರ್.ಎಸ್.ಎಸ್.ಟಿ. 1854ರಿಂದ ಸಿಗುತ್ತವೆ. ಹಳೆಯ ಅಳತೆಗಳೆಲ್ಲ ಹಡಗುಗಳಿಂದ ಬಂದವು. ಹಡಗು ಸಾಗುವ ದಾರಿಗಳಾಚೆಗೆ, ಅದರಲ್ಲೂ ಹಿಂದೂ ಮಹಾಸಾಗರದ ದಕ್ಷಿಣಕ್ಕೆ, ಅವು ವಿರಳ. ಎರಡು ಸಂಗ್ರಹಗಳ ನಡುವಿನ ಅಂತರವೇ ಮಾದರಿಗೂ ಅಳತೆಗೂ ಇರುವ ಅಂತರದಷ್ಟಿದ್ದರೆ ಆ ಅವಧಿಯಲ್ಲಿ ಮಾದರಿಯನ್ನು ದೂರುವ ಹಕ್ಕು ನಮಗಿಲ್ಲ. ಮಳೆಗೆ ಭಾರತ ಹವಾಮಾನ ಇಲಾಖೆಯ 0.25 ಡಿಗ್ರಿ ಗ್ರಿಡ್‌ನ 1901ರಿಂದೀಚಿನ ಸಂಗ್ರಹವಿದೆ, ಗಾಳಿಗೆ ಅಳತೆಗಳನ್ನು ಮಾದರಿಯೊಂದಿಗೆ ಬೆಸೆದು ಸಿದ್ಧಪಡಿಸಿದ ಇ.ಆರ್.ಎ.5 ಸಂಗ್ರಹವನ್ನು ಬಳಸಬಹುದು.

ಪ್ರತಿ ಕ್ಯಾಲೆಂಡರ್ ತಿಂಗಳಿಗೂ ಸೂಚ್ಯಂಕದ ಮಾನಕ ವಿಚಲನೆಯನ್ನು (ಸರಾಸರಿಯ ಸುತ್ತ ಎಷ್ಟು ಹರಡಿದೆ ಎಂಬ ಅಳತೆ) ಲೆಕ್ಕ ಹಾಕಿ ಹನ್ನೆರಡು ಕಂಬಗಳ ಚಿತ್ರ ಬರೆಯಿರಿ. ನಿಜವಾದ ಡೈಪೋಲ್ ಮೇ–ಜೂನ್‌ನಲ್ಲಿ ಮೊಳೆತು, ಸೆಪ್ಟೆಂಬರ್–ನವೆಂಬರ್‌ನಲ್ಲಿ ಉತ್ತುಂಗಕ್ಕೇರಿ, ಮಾನ್ಸೂನ್ ಗಾಳಿ ದಿಕ್ಕು ಬದಲಿಸುತ್ತಿದ್ದಂತೆ ಡಿಸೆಂಬರ್–ಜನವರಿಯೊಳಗೆ ಬೇಗನೆ ಅಡಗುತ್ತದೆ. ಈ ಋತುಬದ್ಧತೆ ಮಾದರಿಯಲ್ಲಿ ಇರಲೇಬೇಕು. ಜೊತೆಗೆ ಪೂರ್ವ ಪೆಟ್ಟಿಗೆಯಲ್ಲಿ ತಂಪಿನ ಘಟನೆಗಳು ಬಿಸಿಯ ಘಟನೆಗಳಿಗಿಂತ ತೀವ್ರವಾಗಿರುತ್ತವೆ; ಈ ಓರೆಯನ್ನೂ ಪರೀಕ್ಷಿಸಿ. ಮಾನಕ ವಿಚಲನೆ ಸರಿಯಿದ್ದೂ ಓರೆ ತಪ್ಪಿರುವ ಮಾದರಿಗಳು ಹಲವು.

ಏಳನೆಯ ಹೆಜ್ಜೆ: ಕಾರಣವಿಲ್ಲದ ಏರಿಳಿತ ಎಷ್ಟೆಂದು ತಿಳಿಯಿರಿ

ಯಾವುದೇ ಚಕ್ರವನ್ನು ಘೋಷಿಸುವ ಮುನ್ನ, ವಿಶೇಷ ಕಾರಣವೇ ಇಲ್ಲದೆ ಸಾಗರ ಎಷ್ಟು ಏರಿಳಿಯಬಲ್ಲದು ಎಂದು ತಿಳಿಯಬೇಕು. 1976ರಲ್ಲಿ ಕ್ಲಾಸ್ ಹ್ಯಾಸೆಲ್‌ಮನ್ ತೋರಿಸಿದ್ದು ಇದನ್ನೇ: ದಿನದಿನದ ಗಾಳಿ–ಮೋಡಗಳ ಯಾದೃಚ್ಛಿಕ ತಳ್ಳಾಟವನ್ನು ಸಾಗರದ ಮೇಲ್ಪದರ ತನ್ನ ಉಷ್ಣಧಾರಣೆಯಿಂದ ಕೂಡಿಸುತ್ತ ಹೋಗಿ, ನಿಧಾನವಾದ ದೀರ್ಘ ಏರಿಳಿತವಾಗಿ ಮಾರ್ಪಡಿಸುತ್ತದೆ. 2021ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯಲ್ಲಿ ಮನಾಬೆಯವರ ಜೊತೆ ಅವರಿಗೂ ಪಾಲು ಸಿಕ್ಕಿತು.

ಇದನ್ನು ಸ್ಪ್ರೆಡ್‌ಶೀಟ್‌ನಲ್ಲೇ ಮಾಡಿ ನೋಡಬಹುದು, ನೋಡಲೇಬೇಕು ಎಂಬುದು ನನ್ನ ಒತ್ತಾಯ. 50 ಮೀಟರ್ ದಪ್ಪದ ನೀರಿನ ಪದರವೊಂದು ಚದರ ಮೀಟರಿಗೆ ಸುಮಾರು 20 ಕೋಟಿ ಜೂಲ್ ಹೀರಿಕೊಂಡರೆ ಒಂದು ಡಿಗ್ರಿ ಬಿಸಿಯಾಗುತ್ತದೆ. ಒಂದು ಡಿಗ್ರಿ ವಿಚಲನೆಗೆ ಅದು ಚದರ ಮೀಟರಿಗೆ 20 ವ್ಯಾಟ್ ಕಳೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಆಗ ಅದರ ನೆನಪಿನ ಅವಧಿ ಒಂದು ಕೋಟಿ ಸೆಕೆಂಡು, ಅಂದರೆ ಸುಮಾರು ನಾಲ್ಕು ತಿಂಗಳು. ಒಂದು ತಿಂಗಳ ವಿಚಲನೆಯಲ್ಲಿ 0.78 ಭಾಗ ಮುಂದಿನ ತಿಂಗಳಿಗೆ ಉಳಿಯುತ್ತದೆ. ಮೊದಲ ಕೋಶದಲ್ಲಿ ಸೊನ್ನೆ ಬರೆದು, ಪ್ರತಿ ಮುಂದಿನ ಕೋಶದಲ್ಲಿ ಹಿಂದಿನದರ 0.78 ಪಾಲಿಗೆ ಒಂದು ಯಾದೃಚ್ಛಿಕ ಸಂಖ್ಯೆಯನ್ನು ಕೂಡಿಸಿ, 1200 ತಿಂಗಳವರೆಗೆ ಎಳೆಯಿರಿ. ಬರುವ ಗೆರೆಯಲ್ಲಿ "ಚಕ್ರ"ಗಳೂ "ತಿರುವು"ಗಳೂ ಕಾಣುತ್ತವೆ, ಒಂದಕ್ಕೂ ಕಾರಣವಿರುವುದಿಲ್ಲ. ನಿಮ್ಮ ಮಾದರಿಯ ಸೂಚ್ಯಂಕದ ಆವರ್ತನ ಹಂಚಿಕೆ (ಯಾವ ಕಾಲಾಂತರದಲ್ಲಿ ಎಷ್ಟು ಏರಿಳಿತವಿದೆ ಎಂಬ ಚಿತ್ರ) ಇಂತಹ ಸಾವಿರ ಕೃತಕ ಸರಣಿಗಳ ಮಿತಿಯನ್ನು ಮೀರಿ ನಿಂತಾಗ ಮಾತ್ರ ಅಲ್ಲೊಂದು ವಿಶೇಷ ಕಾಲಾಂತರವಿದೆ ಎನ್ನಬಹುದು.

ಇದೇ ನೆನಪು ಸಹಸಂಬಂಧದ ಪರೀಕ್ಷೆಯನ್ನೂ ಕೆಡಿಸುತ್ತದೆ. 600 ತಿಂಗಳ ಎರಡು ಸರಣಿಗಳಲ್ಲಿ ಒಂದರ ತಿಂಗಳಿಂದ ತಿಂಗಳ ಸಹಸಂಬಂಧ 0.9, ಇನ್ನೊಂದರದು 0.5 ಇದ್ದರೆ ಸ್ವತಂತ್ರ ಮಾಹಿತಿ ಸುಮಾರು 228 ತಿಂಗಳಷ್ಟು ಮಾತ್ರ. ಎರಡರ ಗುಣಲಬ್ಧ 0.45, ಒಂದರಿಂದ ಅದನ್ನು ಕಳೆದು, ಒಂದಕ್ಕೆ ಅದನ್ನು ಕೂಡಿಸಿದ ಮೊತ್ತದಿಂದ ಭಾಗಿಸಿ, 600ರಿಂದ ಗುಣಿಸಿದರೆ ಈ ಸಂಖ್ಯೆ ಬರುತ್ತದೆ.

ಎಂಟನೆಯ ಹೆಜ್ಜೆ: ಸರಿಯಾದ ಉತ್ತರ ಸರಿಯಾದ ಕಾರಣಕ್ಕೆ ಬಂದಿದೆಯೇ

ಅಧ್ಯಯನದ ಹೃದಯ ಇದು, ಹೆಚ್ಚಿನ ಸಮಯವನ್ನು ಇಲ್ಲೇ ಕೊಡಿ. ಡೈಪೋಲ್ ಬೆಳೆಯುವ ದಾರಿ ಹೀಗಿದೆ. ಸುಮಾತ್ರಾ ತೀರದಲ್ಲಿ ಆಗ್ನೇಯದ ಗಾಳಿ ಬಲಗೊಂಡರೆ ತಳದ ತಣ್ಣೀರು ಮೇಲೇಳುತ್ತದೆ. ಅಲ್ಲಿನ ನೀರು ತಣಿದಾಗ ಅದರ ಮೇಲಿನ ಮಳೆಮೋಡಗಳು ಕುಗ್ಗಿ, ಸಮಭಾಜಕದ ಉದ್ದಕ್ಕೂ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಗಾಳಿ ಬಲಗೊಳ್ಳುತ್ತದೆ. ಆ ಗಾಳಿ ಪೂರ್ವದಲ್ಲಿ ಥರ್ಮೋಕ್ಲೈನ್ ಅನ್ನು, ಅಂದರೆ ಬೆಚ್ಚನೆಯ ಮೇಲ್ಪದರ ಮುಗಿದು ತಣ್ಣೀರು ಶುರುವಾಗುವ ಗಡಿಯನ್ನು, ಇನ್ನಷ್ಟು ಮೇಲಕ್ಕೆತ್ತುತ್ತದೆ. ಮೇಲೇಳುವ ನೀರು ಇನ್ನಷ್ಟು ತಣ್ಣಗಿರುತ್ತದೆ. ಪೆಸಿಫಿಕ್‌ಗೆ ಸಂಬಂಧಿಸಿ ಈ ಸರಪಳಿಯನ್ನು ಮೊದಲು ವಿವರಿಸಿದ ಬ್ಯರ್ಕ್‌ನೆಸ್ ಅವರ ಹೆಸರಿನಿಂದಲೇ ಈ ಫೀಡ್‌ಬ್ಯಾಕ್ ಅನ್ನು ಕರೆಯುತ್ತಾರೆ.

ಸರಪಳಿಗೆ ಮೂರು ಕೊಂಡಿಗಳು. ಮೂರನ್ನೂ ಬೇರೆ ಬೇರೆಯಾಗಿ ಅಳೆಯಬೇಕು. ಪೂರ್ವ ಪೆಟ್ಟಿಗೆ ಒಂದು ಡಿಗ್ರಿ ತಣಿದರೆ ಸಮಭಾಜಕದ ಮಧ್ಯಭಾಗದ ಗಾಳಿ ಎಷ್ಟು ಬದಲಾಗುತ್ತದೆ? ಗಾಳಿಯ ಆ ಬದಲಾವಣೆಗೆ ಪೂರ್ವದ ಥರ್ಮೋಕ್ಲೈನ್ ಎಷ್ಟು ಮೀಟರ್ ಏರುತ್ತದೆ? ಥರ್ಮೋಕ್ಲೈನ್ ಹತ್ತು ಮೀಟರ್ ಏರಿದರೆ ಮೇಲ್ಮೈ ಎಷ್ಟು ತಣಿಯುತ್ತದೆ? ಸೆಪ್ಟೆಂಬರ್–ನವೆಂಬರ್ ಸರಾಸರಿಗಳ ಮೇಲೆ ಒಂದು ಅಂಶಕ್ಕೆ ಇನ್ನೊಂದು ಎಷ್ಟು ಬದಲಾಗುತ್ತದೆಂದು ಸರಳರೇಖೆಯಿಂದ ಅಳೆಯುವ ಮೂರು ಸರಳ ರಿಗ್ರೆಷನ್‌ಗಳು ಈ ಮೂರು ಸಂಖ್ಯೆಗಳನ್ನು ಕೊಡುತ್ತವೆ. ಥರ್ಮೋಕ್ಲೈನ್‌ನ ಆಳಕ್ಕೆ 20 ಡಿಗ್ರಿ ಸೆಲ್ಸಿಯಸ್ ಇರುವ ಆಳವನ್ನು ತೆಗೆದುಕೊಳ್ಳುವುದು ರೂಢಿ. ಆದರೆ ಮಾದರಿಯ ಸಾಗರವೇ ಒಟ್ಟಾರೆ ತಣ್ಣಗಿದ್ದರೆ 20 ಡಿಗ್ರಿ ರೇಖೆ ಗಡಿಯನ್ನು ಪ್ರತಿನಿಧಿಸುವುದಿಲ್ಲ. ಆಗ ತಾಪಮಾನ ಅತಿ ವೇಗವಾಗಿ ಇಳಿಯುವ ಆಳವನ್ನೇ ಹುಡುಕಿ ತೆಗೆಯಿರಿ.

ಈ ಪರೀಕ್ಷೆ ಮಾಡಿದಾಗ ಬಯಲಾದ ಸಂಗತಿ ಮಹತ್ವದ್ದು. ಸಿ.ಎಂ.ಐ.ಪಿ.ಯ ಮೂರನೆಯ ಮತ್ತು ಐದನೆಯ ಹಂತದ ಅನೇಕ ಮಾದರಿಗಳಲ್ಲಿ ಡೈಪೋಲ್ ಅಳತೆಗಿಂತ ತೀವ್ರವಾಗಿತ್ತು. ಅವುಗಳ ಸರಾಸರಿ ಸ್ಥಿತಿಯಲ್ಲಿ ಸಮಭಾಜಕದ ಗಾಳಿ ಪೂರ್ವದಿಂದ ಬೀಸುವ ಕಡೆಗೆ ವಾಲಿ, ಪೂರ್ವದ ಥರ್ಮೋಕ್ಲೈನ್ ಮೊದಲೇ ಮೇಲಿತ್ತು. ಹೀಗಾಗಿ ಸಣ್ಣ ತಳ್ಳಾಟಕ್ಕೂ ಮೇಲ್ಮೈ ಅತಿಯಾಗಿ ತಣಿಯುತ್ತಿತ್ತು. ಸರಾಸರಿಯ ತಪ್ಪು ಏರಿಳಿತದ ತಪ್ಪಾಗಿ ಹೊರಬೀಳುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ. ವಿಚಲನೆಗಳನ್ನಷ್ಟೇ ನೋಡಿ ಸರಾಸರಿಯನ್ನು ಬದಿಗಿಡುವ ಅಧ್ಯಯನಕ್ಕೆ ಇದು ಕಾಣುವುದೇ ಇಲ್ಲ. ಇನ್ನು ಕೆಲವು ಮಾದರಿಗಳಲ್ಲಿ ಒಂದು ಕೊಂಡಿ ಅತಿ ಬಲವಾಗಿ, ಇನ್ನೊಂದು ದುರ್ಬಲವಾಗಿ, ಎರಡು ತಪ್ಪುಗಳು ಸೇರಿ ಸರಿಯಾದ ತೀವ್ರತೆ ಬರುವುದೂ ಉಂಟು. ಅಂತಹ ಮಾದರಿ ಇಂದಿನ ಸಾಗರಕ್ಕೆ ಚೆನ್ನಾಗಿ ಹೊಂದಿದರೂ ನಾಳಿನ ಬೆಚ್ಚನೆಯ ಸಾಗರದ ಬಗ್ಗೆ ಅದರ ಮಾತನ್ನು ನಂಬಲು ನಾನು ಹಿಂಜರಿಯುತ್ತೇನೆ.

ಒಂಬತ್ತನೆಯ ಹೆಜ್ಜೆ: ಎಲ್ ನಿನೋ ಪ್ರಭಾವವನ್ನು ಬೇರ್ಪಡಿಸಿ

1997ರಲ್ಲಿ ಪೆಸಿಫಿಕ್‌ನಲ್ಲಿ ಶತಮಾನದ ಅತಿ ಪ್ರಬಲ ಎಲ್ ನಿನೋಗಳಲ್ಲಿ ಒಂದಿತ್ತು. ಆದರೂ ಭಾರತದ ಮುಂಗಾರು ವಾಡಿಕೆಯ ಮಟ್ಟದಲ್ಲೇ ಸುರಿಯಿತು. ಅದೇ ವರ್ಷದ ಡೈಪೋಲ್ ಇದಕ್ಕೆ ಒಂದು ಕಾರಣವೆಂಬ ವಾದವಿದೆ. ಎರಡೂ ಒಟ್ಟಿಗೆ ಬರುವ ಪ್ರವೃತ್ತಿ ಇದ್ದು, ಮಳೆಯ ಮೇಲಿನ ಪರಿಣಾಮ ವಿರುದ್ಧ ದಿಕ್ಕಿನಲ್ಲಿದ್ದರೆ ಸರಳ ಸಹಸಂಬಂಧ ಏನನ್ನೂ ಹೇಳುವುದಿಲ್ಲ. ಕಲ್ಪಿತ ಸಂಖ್ಯೆಗಳಿಂದ ನೋಡೋಣ. ಡೈಪೋಲ್ ಮತ್ತು ಮಳೆಯ ಸಹಸಂಬಂಧ ಸೊನ್ನೆ, ಡೈಪೋಲ್ ಮತ್ತು ಎಲ್ ನಿನೋವನ್ನು ಅಳೆಯುವ ನಿನೋ 3.4 ಸೂಚ್ಯಂಕದ್ದು 0.5, ನಿನೋ 3.4 ಮತ್ತು ಮಳೆಯದ್ದು −0.5 ಇರಲಿ. ಮೂರನೆಯ ಅಂಶದ ಪಾಲನ್ನು ಕಳೆದು ಉಳಿದ ಸಂಬಂಧವನ್ನು ಕೊಡುವ ಆಂಶಿಕ ಸಹಸಂಬಂಧದ ಸೂತ್ರದಲ್ಲಿ ಮೇಲಿನ ಭಾಗ 0 + 0.25, ಕೆಳಗಿನ ಭಾಗ 0.75, ಉತ್ತರ 0.33. ಸೊನ್ನೆಯ ಹಿಂದೆ ಒಂದು ನಿಜವಾದ ಸಂಬಂಧ ಅಡಗಿರಬಹುದು ಎಂದಾಯಿತು.

ಈ ಸೂತ್ರ ಸರಳರೇಖೆಯ, ಏಕಕಾಲದ ಸಂಬಂಧವನ್ನಷ್ಟೇ ಕಳೆಯುತ್ತದೆ ಎಂಬುದು ನೆನಪಿರಲಿ. ಋತುವಿನ ಆಯ್ಕೆಯೂ ಎಚ್ಚರದಿಂದಿರಲಿ: ಅಕ್ಟೋಬರ್‌ನಲ್ಲಿ ಉತ್ತುಂಗಕ್ಕೇರಿದ ಡೈಪೋಲ್ ಜೂನ್‌ನ ಮಳೆಗೆ ಕಾರಣವಾಗಲಾರದು, ಜೂನ್‌ನ ಮಾನ್ಸೂನ್ ಗಾಳಿ ಡೈಪೋಲ್‌ಗೆ ಕಾರಣವಾಗಿರಬಹುದು.

ಮಾದರಿಯ ದೀರ್ಘ ರನ್ ಇಲ್ಲಿ ನಿಜವಾಗಿ ನೆರವಾಗುತ್ತದೆ. ನಿಜವಾದ ಸಹಸಂಬಂಧ 0.3 ಎಂದಿಟ್ಟುಕೊಂಡರೂ 30 ವರ್ಷಗಳ ತುಣುಕೊಂದರಲ್ಲಿ ಅದು ಕೇವಲ ಆಕಸ್ಮಿಕವಾಗಿ −0.07ರಿಂದ 0.60ರವರೆಗೆ ಎಲ್ಲಿ ಬೇಕಾದರೂ ಬೀಳಬಹುದು. 1999ರಲ್ಲಿ ಕೃಷ್ಣಕುಮಾರ್ ಮತ್ತು ಸಹಲೇಖಕರು ಎಲ್ ನಿನೋ–ಮುಂಗಾರು ಸಂಬಂಧ ಸಡಿಲಗೊಂಡಿದೆ ಎಂದು ತೋರಿಸಿದಾಗ, ಅಷ್ಟು ಬದಲಾವಣೆ ಆಕಸ್ಮಿಕವಾಗಿಯೂ ಬರಬಹುದೆಂಬ ಮರುವಾದ ಬೇಗನೆ ಎದ್ದಿತು. 500 ವರ್ಷಗಳ ನಿಯಂತ್ರಣ ರನ್ನನ್ನು 30 ವರ್ಷಗಳ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕಿನ ಸಹಸಂಬಂಧವನ್ನು ಲೆಕ್ಕ ಹಾಕಿದರೆ ಹೊರಕಾರಣವಿಲ್ಲದೆ ಅದು ಎಷ್ಟು ಅಲೆದಾಡುತ್ತದೆಂದು ನೀವೇ ಕಾಣಬಹುದು.

ಹತ್ತನೆಯ ಹೆಜ್ಜೆ: ಹೊರಗಿನ ಒತ್ತಡ ಮತ್ತು ಒಳಗಿನ ಏರಿಳಿತ

ಚಾರಿತ್ರಿಕ ಹಾಗೂ ಭವಿಷ್ಯದ ರನ್‌ಗಳಲ್ಲಿ ಜಾಗತಿಕ ತಾಪಮಾನ ಏರಿಕೆಯೂ ಸಹಜ ಏರಿಳಿತವೂ ಬೆರೆತಿರುತ್ತವೆ. ಒಂದೇ ಮಾದರಿಯನ್ನು ಅತಿ ಸಣ್ಣ ಆರಂಭಿಕ ವ್ಯತ್ಯಾಸಗಳಿಂದ ಅನೇಕ ಸಲ ಓಡಿಸಿದ ಬೃಹತ್ ಎನ್ಸೆಂಬಲ್‌ಗಳು ಇದಕ್ಕೆ ಉತ್ತಮ ಸಾಧನ. ಸೆಸಮ್‌ನ ಎರಡನೆಯ ಆವೃತ್ತಿಯಲ್ಲೂ ಮ್ಯಾಕ್ಸ್ ಪ್ಲಾಂಕ್ ಮಾದರಿಯಲ್ಲೂ 100 ರನ್‌ಗಳ ಸಂಗ್ರಹಗಳಿವೆ. ಎಲ್ಲ ರನ್‌ಗಳ ಸರಾಸರಿ ಹೊರಗಿನ ಒತ್ತಡದ ಗುರುತು, ಪ್ರತಿ ರನ್ನಿನಿಂದ ಆ ಸರಾಸರಿಯನ್ನು ಕಳೆದಾಗ ಉಳಿಯುವುದು ಒಳಗಿನ ಏರಿಳಿತ. ಸರಾಸರಿಯಲ್ಲಿ ಉಳಿಯುವ ಗದ್ದಲ ರನ್‌ಗಳ ಸಂಖ್ಯೆಯ ವರ್ಗಮೂಲದಂತೆ ಕುಗ್ಗುತ್ತದೆ: 4 ರನ್‌ಗಳಿದ್ದರೆ ಅರ್ಧ, 100 ಇದ್ದರೆ ಹತ್ತನೆಯ ಒಂದು ಭಾಗ. ಮೂರೇ ರನ್‌ಗಳಿದ್ದಾಗ ಸರಾಸರಿ ಕಳೆದರೆ ಸಹಜ ಏರಿಳಿತದ, ಮಾನಕ ವಿಚಲನೆಯ ವರ್ಗವಾದ ವೇರಿಯನ್ಸ್‌ನ ಮೂರನೆಯ ಒಂದು ಭಾಗವೂ ಜೊತೆಗೆ ಕಳೆದುಹೋಗುತ್ತದೆ. ಉಳಿದ ವೇರಿಯನ್ಸ್ ಅನ್ನು 3/2ರಿಂದ ಗುಣಿಸಿ ಸರಿಪಡಿಸಬೇಕು.

ಮಾದರಿಗಳ ಒಮ್ಮತವನ್ನು ಸತ್ಯವೆಂದು ತಿಳಿಯಬೇಡಿ. ಅನೇಕ ಮಾದರಿಗಳು ಭವಿಷ್ಯದ ಹಿಂದೂ ಮಹಾಸಾಗರದಲ್ಲಿ ಪಶ್ಚಿಮ ಹೆಚ್ಚು ಬಿಸಿಯಾಗುವ, ಡೈಪೋಲನ್ನು ಹೋಲುವ ವಿನ್ಯಾಸವನ್ನು ತೋರಿಸುತ್ತವೆ. ಆ ವಿನ್ಯಾಸವು ಮೇಲೆ ಹೇಳಿದ ಥರ್ಮೋಕ್ಲೈನ್ ದೋಷದೊಂದಿಗೆ ನಂಟು ಹೊಂದಿದೆ ಎಂಬ ಗಂಭೀರ ಆಕ್ಷೇಪವಿದೆ. ಮಾದರಿಗಳು ಪರಸ್ಪರ ಗಣಕಕ್ರಮವನ್ನೂ ಕಲ್ಪನೆಗಳನ್ನೂ ಹಂಚಿಕೊಂಡಿರುವುದರಿಂದ ಒಂದೇ ತಪ್ಪನ್ನು ಒಟ್ಟಾಗಿ ಮಾಡಬಲ್ಲವು.

ಹನ್ನೊಂದನೆಯ ಹೆಜ್ಜೆ: ನಿಮ್ಮದೇ ಪ್ರಯೋಗ

ಸೂಪರ್‌ಕಂಪ್ಯೂಟರಿನ ಸೌಲಭ್ಯ ದೊರೆತರೆ ಸಹಸಂಬಂಧದಿಂದ ಕಾರಣದ ಕಡೆಗೆ ದಾಟಬಹುದು. ಅನುಕರಣೀಯ ವಿನ್ಯಾಸವೊಂದನ್ನು ಕೊಸಾಕಾ ಮತ್ತು ಶಿಯೆ 2013ರಲ್ಲಿ ಪ್ರಕಟಿಸಿದರು. ಪೂರ್ವ ಪೆಸಿಫಿಕ್‌ನ ಸಮಭಾಜಕ ಪ್ರದೇಶದ ತಾಪಮಾನವನ್ನಷ್ಟೇ ಅಳತೆಯ ಕಡೆಗೆ ಎಳೆದು, ಉಳಿದ ಸಾಗರವನ್ನು ಮುಕ್ತವಾಗಿ ಬಿಟ್ಟಾಗ ಆ ಕಾಲದ ಜಾಗತಿಕ ತಾಪಮಾನ ಏರಿಕೆಯ ನಿಧಾನಗತಿ ಮಾದರಿಯಲ್ಲಿ ಮರಳಿ ಮೂಡಿತು. ಇದೇ ರೀತಿ ಪೆಸಿಫಿಕ್‌ನ ತಾಪಮಾನವನ್ನು ವಾಡಿಕೆಯ ಋತುಚಕ್ರಕ್ಕೆ ಕಟ್ಟಿಹಾಕಿ, ಎಲ್ ನಿನೋ ಇಲ್ಲದ ಜಗತ್ತಿನಲ್ಲಿ ಡೈಪೋಲ್ ಹುಟ್ಟುತ್ತದೆಯೇ ಎಂದು ನೋಡಬಹುದು. ಇಂತಹ ಪ್ರಯೋಗಕ್ಕೆ ಜೋಡಿ ರನ್ ಕಡ್ಡಾಯ: ಕಟ್ಟಿದ ರನ್ನಿನ ಜೊತೆಗೆ ಅದೇ ಆರಂಭಸ್ಥಿತಿಯ, ಕಟ್ಟದ ರನ್ನೂ ಇರಬೇಕು.

ಹನ್ನೆರಡನೆಯ ಹೆಜ್ಜೆ: ಎಲ್ಲಿ ನಿಲ್ಲಿಸಬೇಕು, ಏನನ್ನು ಬರೆಯಬೇಕು

ಫಲಿತಾಂಶವನ್ನು ಕರ್ನಾಟಕಕ್ಕೆ ಅನ್ವಯಿಸುವ ಆಸೆ ಸಹಜ, ಆದರೆ ಗ್ರಿಡ್ ಅಡ್ಡ ಬರುತ್ತದೆ. ರಾಜ್ಯದ ವಿಸ್ತೀರ್ಣ ಸುಮಾರು 1,91,800 ಚದರ ಕಿಲೋಮೀಟರ್. 100 ಕಿಲೋಮೀಟರ್ ಗ್ರಿಡ್‌ನ ಮಾದರಿಯಲ್ಲಿ ಅದು ಸುಮಾರು 19 ಚೌಕಗಳಷ್ಟೇ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಗೂ ಐದುನೂರರ ಆಸುಪಾಸಿನ ಚಳ್ಳಕೆರೆಗೂ ನಡುವೆ ಎರಡೇ ಚೌಕಗಳ ದೂರ. ಪಶ್ಚಿಮ ಘಟ್ಟಗಳು ಮಾದರಿಯಲ್ಲಿ ಕಡಿದಾದ ಗೋಡೆಯಾಗಿರದೆ ಸೌಮ್ಯ ಇಳಿಜಾರಾಗಿರುತ್ತವೆ. ಜಿಲ್ಲಾ ಮಟ್ಟದ ಮಳೆಯ ಬಗ್ಗೆ ಇಂತಹ ಮಾದರಿಯಿಂದ ನೇರವಾಗಿ ಹೇಳಬಾರದು. ಸರಿಯಾದ ದಾರಿ ಎಂದರೆ ಮಾದರಿಯಿಂದ ಸಾಗರದ ಸೂಚ್ಯಂಕ ಹಾಗೂ ದೊಡ್ಡ ಪ್ರಮಾಣದ ಗಾಳಿಯನ್ನು ಪಡೆದು, ಅವುಗಳಿಗೂ ಜಿಲ್ಲೆಯ ಮಳೆಗೂ ಇರುವ ಸಂಬಂಧವನ್ನು ಹವಾಮಾನ ಇಲಾಖೆಯ ಅಳತೆಗಳಿಂದ ಸ್ಥಾಪಿಸುವುದು, ಇಲ್ಲವೇ ಸೂಕ್ಷ್ಮ ಗ್ರಿಡ್‌ನ ಪ್ರಾದೇಶಿಕ ಮಾದರಿಯನ್ನು ಬಳಸುವುದು. ಒಂದು ನಿರ್ದಿಷ್ಟ ನೆರೆಯನ್ನು ಡೈಪೋಲ್‌ಗೆ ಕಟ್ಟುವ ಅವಸರವೂ ಬೇಡ. 2019ರ ಆಗಸ್ಟ್‌ನಲ್ಲಿ ಉತ್ತರ ಕರ್ನಾಟಕ ಮತ್ತು ಕೊಡಗು ಮುಳುಗಿದ್ದೂ ಅದೇ ವರ್ಷ ಡೈಪೋಲ್ ಪ್ರಬಲವಾಗಿದ್ದುದೂ ನಿಜ. ಅಷ್ಟರಿಂದಲೇ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ.

ವರದಿಯಲ್ಲಿ ಮಾದರಿಯ ಹೆಸರು, ಆವೃತ್ತಿ, ಬಳಸಿದ ಪ್ರತಿ ರನ್ನಿನ ಗುರುತು, ಸರಾಸರಿಗೆ ತೆಗೆದುಕೊಂಡ ಅವಧಿ, ಏರಿಕೆಯನ್ನು ಕಳೆದ ವಿಧಾನ, ಗ್ರಿಡ್ ಬದಲಿಸಿದ ಕ್ರಮ ಇವೆಲ್ಲವೂ ಇರಲಿ. ಮಾದರಿಗಳ ಸರಾಸರಿಯನ್ನು ಮಾತ್ರ ಕೊಡದೆ ಒಂದೊಂದು ಮಾದರಿಯ ಫಲಿತಾಂಶವನ್ನೂ ಚುಕ್ಕೆಯಾಗಿ ತೋರಿಸಿ. ಪರೀಕ್ಷೆಯಲ್ಲಿ ಸೋತ ಮಾದರಿಯನ್ನು ಕೈಬಿಟ್ಟಿದ್ದರೆ ಯಾವ ಮಾನದಂಡದಿಂದ ಕೈಬಿಟ್ಟಿರೆಂದು ತಿಳಿಸಿ, ಆ ಮಾನದಂಡವನ್ನು ಫಲಿತಾಂಶ ನೋಡುವುದಕ್ಕೆ ಮುನ್ನವೇ ನಿಗದಿಪಡಿಸಿ ದಿನಾಂಕದೊಂದಿಗೆ ಬರೆದಿಡಿ.